ಬೂದಿ ಕವಲಿಗೆ ನಡೆದು ಹೋದವಳು

ನನ್ನ ಚಿಗವ್ವ ತಿಪ್ಪವ್ವ ಮಂಗಳವಾರ ಬೆಳಿಗ್ಗೆ ಎಂಟೂವರೆಗೆ ಬೂದಿ ಕವಲಿಗೆ ಹೋದಳು. ತನ್ನ ಕಾಲಿನ ಮೇಲೆ ತಾನೇ ನಡೆದುಕೊಂಡು ಹೋದಳು. ಕಂಕುಳಲ್ಲಿ ಸಂತೆಯ ಚೀಲವಿತ್ತು, ಬಾಯಲ್ಲಿ ಎಲೆ ಅಡಿಕೆ ಇತ್ತು. ನಾನು ಮೇಲೆ ಕರೆಂಟಿನ ಮನೆಯ ಕಿಟಕಿಯಲ್ಲಿ ಕೂತು ನೋಡುತ್ತಿದ್ದೆ. ಕವಲಿನ ಹತ್ತಿರ ಅವಳ ಮೈ ಬಲಕ್ಕೆ ಸರಿಯಿತು. ಅವಳು ಒಮ್ಮೆ ಕಾಲೂರಿ ನಿಲ್ಲಲು ನೋಡಿದಳು, ಆಗಲಿಲ್ಲ, ಗೋಡೆಯ ಮರೆಗೆ ಹೋದಳು. ಅವಳ ಹಿಂದಿದ್ದ ಮೇಷ್ಟ್ರು ಊರ ಕವಲಿಗೆ ಹೋದರು. ಅವರ ಹಿಂದಿದ್ದ ಬಸುರಿ ಊರ ಕವಲಿಗೆ ಹೋದಳು. ಸಾಲು ನಿಲ್ಲಲಿಲ್ಲ. ಆ ಬೀದಿಯಲ್ಲಿ ಸಾಲು ನಿಲ್ಲಿಸುವುದು ಯಾರ ಕೈಯಲ್ಲೂ ಇಲ್ಲ.

ನನಗೆ ಆಗ ದುಃಖವೇನೂ ಆಗಲಿಲ್ಲ. ಎದುರಿನ ಗೋಡೆಯ ಮೇಲಿದ್ದ ಕ್ಯಾಲೆಂಡರನ್ನು ಎಷ್ಟೋ ಹೊತ್ತು ನೋಡಿದೆ.

ನಮ್ಮೂರಲ್ಲಿ ಮನೆಗಳೆಲ್ಲ ಗುಡ್ಡದ ಮೇಲೆ. ಸಂತೆ, ಶಾಲೆ, ಹತ್ತಿಯ ಗಿರಣಿ, ವಾರ್ಡ್ ಕಚೇರಿ ಎಲ್ಲ ಕೆಳಗೆ. ಇಳಿಯಲು ಗೆರೆ ಬೀದಿ ಒಂದೇ ದಾರಿ, ಹತ್ತಲು ಮೆಟ್ಟಿಲು. ಬೀದಿಯ ಎರಡೂ ಗೋಡೆಗಳಿಗೆ ಸೊಂಟದೆತ್ತರದಲ್ಲಿ ತಾಮ್ರದ ಪಟ್ಟಿ ಬಡಿದಿದೆ, ನೆಲದ ಮೇಲೆ ಕೆರೆಯ ನೀರು ಪಾದ ಮುಳುಗುವಷ್ಟು ಹರಿಯುತ್ತದೆ. ಬೆಳಿಗ್ಗೆ ಆರಕ್ಕೆ ಕರೆಂಟು ಬಿಡುತ್ತೇವೆ. ಆಮೇಲೆ ಎಷ್ಟು ಜನ ನುಗ್ಗಿದರೂ ಹತ್ತು ಹೆಜ್ಜೆಯೊಳಗೆ ಎಲ್ಲರೂ ಬೀದಿಯ ನಟ್ಟನಡುವೆ ಒಬ್ಬರ ಹಿಂದೆ ಒಬ್ಬರಾಗಿ, ಒಂದು ತೋಳಿನ ಅಂತರದಲ್ಲಿ ಇಳಿಯುತ್ತಾರೆ. ಹೆಂಗಸರು ಬಳೆ, ಕಾಲುಂಗುರ ತೆಗೆದು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಾರೆ. ಜಗಳ ಆಡುವವರು ಮುಂದಿನವನ ಬೆನ್ನಿಗೆ ಬೈಯುತ್ತಾ ಹೋಗಬೇಕು, ಹೊಡೆಯಲು ಕೈ ಎಟುಕುವುದಿಲ್ಲ. ಹೊಸದಾಗಿ ಮದುವೆಯಾದವರು ಒಂದು ಟವಲಿನ ಎರಡು ತುದಿ ಹಿಡಿದು ಇಳಿಯುತ್ತಾರೆ. ಕುಡಿದವರು ಆ ಬೀದಿಯಲ್ಲಿ ಮಾತ್ರ ನೆಟ್ಟಗೆ ನಡೆಯುತ್ತಾರೆ. ಕೋಳಿಗಳು ಎಡಗೋಡೆಗೆ ಅಂಟಿಕೊಂಡು ಹೋಗುತ್ತವೆ, ನಾಯಿಗಳು ಒಳಗೇ ಬರುವುದಿಲ್ಲ.

ಬೀದಿಯ ತುದಿಯಲ್ಲಿ ಎರಡು ಕವಲು. ಎಡಕ್ಕೆ ಊರ ಕವಲು, ಬಲಕ್ಕೆ ಬೂದಿ ಕವಲು. ಬದುಕಿದವರು ಊರಿಗೆ ಹೋಗುತ್ತಾರೆ, ಸತ್ತವರು ಸುಡುವ ಜಾಗಕ್ಕೆ ಹೋಗುತ್ತಾರೆ. ಹೀಗಾಗಿ ಒಬ್ಬರು ಸತ್ತರೋ ಇಲ್ಲವೋ ಎಂದು ನಮ್ಮೂರಲ್ಲಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಅಲುಗಾಡದೆ ಬಿದ್ದವರನ್ನು ಹಲಗೆಯ ಮೇಲೆ ಮಲಗಿಸಿ ನೀರಿಗೆ ಬಿಡುತ್ತಾರೆ. ಹಲಗೆ ಊರ ಕವಲಿಗೆ ಹೋದರೆ ಮುಖಕ್ಕೆ ನೀರು ಚಿಮುಕಿಸಿ ಎಬ್ಬಿಸುತ್ತಾರೆ. ಬೂದಿ ಕವಲಿಗೆ ಹೋದರೆ ಅಳುತ್ತಾರೆ. ನಾನು ಬೇರೆ ಊರಿನ ಹಾಸ್ಟೆಲಿನಲ್ಲಿ ಐದು ವರ್ಷ ಇದ್ದು ಓದಿ ಬಂದವಳು. ಅಲ್ಲಿ ಇದನ್ನು ಹೇಳಿದಾಗ ಹುಡುಗಿಯರು ನಕ್ಕಿದ್ದರು. ಆಗ ನನಗೆ ಸಿಟ್ಟು ಬಂದಿತ್ತು.

ಕಾಸೀಮಣ್ಣನಿಗೆ ಕರೆಂಟಿನ ಗುಂಡಿ ನೋಡಿಕೊಳ್ಳಲು ಹೇಳಿ, ಸಾಲಿಗೆ ಕಾಯದೆ, ಹತ್ತುವ ಮೆಟ್ಟಿಲಲ್ಲೇ ಕೆಳಗೆ ಓಡಿದೆ. ಕಾಸೀಮಣ್ಣ ಕರೆಂಟಿನ ಮನೆಯ ಹಿರಿಯ. ಮೂವತ್ತನಾಲ್ಕು ವರ್ಷದ ಕೆಲಸ, ನನಗೆ ಕಲಿಸಿದವನೂ ಅವನೇ.

ಚಿಗವ್ವ ಹೆಣ ತೊಳೆಯುವ ಕಲ್ಲಿನ ಮೇಲೆ ಕೂತಿದ್ದಳು. ಅವಳ ಮುಂದೆ ಬೂದಿ ಕವಲು ಕಾಯುವ ಫಕ್ಕೀರಪ್ಪ ಕೈ ಕಟ್ಟಿಕೊಂಡು ನಿಂತಿದ್ದ.

"ಬಂದೀಯೇನು ಹುಲಿಗಿ," ಎಂದಳು ಚಿಗವ್ವ. "ಇಂವಗ ಸ್ವಲ್ಪ ಬುದ್ಧಿ ಹೇಳು. ನನ್ನ ಮುಂದ ನಿಂತು ಎಷ್ಟ ಹೊರಿ ಕಟಗಿ ಬೇಕು ಅಂತ ಎಣಸಾಕ ಹತ್ಯಾನ."

"ನಿನ್ನ ಕೇಳಿಲ್ಲ ಬಿಡವಾ," ಎಂದ ಫಕ್ಕೀರಪ್ಪ. "ನನ್ನಷ್ಟಕ್ಕ ನಾ ಎಣಸಾಕತ್ತಿದ್ದೆ." ನನ್ನ ಕಡೆ ತಿರುಗಿದ. "ನಮ್ಮಪ್ಪನ ಕಾಲದಿಂದ ಈ ಕಡೆ ಬಂದೋರು ಒಬ್ಬರೂ ಮಾತಾಡಿಲ್ಲ. ಈಕಿ ಬಂದಾಗಿಂದ ಬಾಯಿ ಮುಚ್ಚಿಲ್ಲ. ನಾ ಏನ್ ಮಾಡ್ಲಿ ಹೇಳು."

"ಮನಿಗೆ ಕಳಸು."

"ಬೀದಿ ಕಳಿಸೈತಿ ಅಂದಮ್ಯಾಲೆ ನಾ ಹೆಂಗ ತಿರುಗಿ ಕಳಸ್ಲಿ? ಊರ ಹಿರೇರನ್ನ ಕೇಳಿ ಬಂದೀನಿ. ಬೀದಿ ಸುಳ್ಳು ಹೇಳಂಗಿಲ್ಲ ಅಂದ್ರು."

ಅಷ್ಟರಲ್ಲಿ ನಮ್ಮ ಓಣಿಯ ಹೆಂಗಸರು ಬಂದರು. ಅವಳನ್ನು ಮುಟ್ಟದೆ ಎರಡು ಮಾರು ದೂರ ಕೂತು ಅಳಲು ಶುರು ಮಾಡಿದರು. ಅದು ನಾಟಕವಾಗಿರಲಿಲ್ಲ. ಮೂಗು ಸೋರುತ್ತಿತ್ತು, ಎದೆ ನಡುಗುತ್ತಿತ್ತು. ಪಕ್ಕದ ಮನೆಯವಳು, "ತಿಪ್ಪವ್ವಾ, ನಿನ್ನಂಗ ರೊಟ್ಟಿ ಬಡಿಯಾಕಿ ನಮ್ಮ ಓಣ್ಯಾಗ ಇನ್ಯಾರು ಅದಾರ," ಎಂದು ಹಾಡಿ ಅತ್ತಳು.

"ಮುಂಜಾನಿ ಬಡದದ್ದು ಇನ್ನಾ ಬುಟ್ಟ್ಯಾಗ ಅದಾವು. ಹೋಗಿ ತಿನ್ನು," ಎಂದಳು ಚಿಗವ್ವ. "ಮೊದಲ ನನ್ನ ಆಡು ಎಲ್ಲಿ ಐತಿ ಹೇಳು."

ಪಕ್ಕದ ಮನೆಯವಳು ತಲೆ ತಗ್ಗಿಸಿದಳು. ಆಡನ್ನು ಆಗಲೇ ತನ್ನ ಮನೆಯ ಗೂಟಕ್ಕೆ ಕಟ್ಟಿಕೊಂಡಿದ್ದಳು. ಹತ್ತೂವರೆಯ ಹೊತ್ತಿಗೆ ಚಿಗವ್ವನ ಒಲೆಗೆ ನೀರು ಸುರಿದಾಗಿತ್ತು, ಕುಡಿಯುವ ನೀರಿನ ಮಡಕೆ ಒಡೆದಾಗಿತ್ತು, ರೇಷನ್ ಕಾರ್ಡು ವಾರ್ಡ್ ಕಚೇರಿಗೆ ಮುಟ್ಟಿತ್ತು. ಇದನ್ನೆಲ್ಲ ಕೆಟ್ಟವರು ಮಾಡಲಿಲ್ಲ, ಅವಳಿಗೆ ಜ್ವರ ಬಂದಾಗ ಗಂಜಿ ಕಾಯಿಸಿ ಕೊಟ್ಟವರೇ ಮಾಡಿದರು. ಒಬ್ಬ ಮುದುಕಿ ನನ್ನ ಬೆನ್ನು ಸವರಿ, "ಗಾಬರಿ ಆಗೈತಿ ಆಕಿಗೆ. ಸಂಜೀತನ ಒಪ್ಕೋತಾಳ ಬಿಡು," ಎಂದು ಸಮಾಧಾನ ಹೇಳಿದಳು. ಸಂಜೆಯ ತನಕ ಎಂದದ್ದು ಸುಮ್ಮನೆ ಅಲ್ಲ. ಬೂದಿ ಕವಲಿಗೆ ಬಂದವರಿಗೆ ಹೊತ್ತು ಮುಳುಗುವುದರೊಳಗೆ ಬೆಂಕಿ ಇಡಬೇಕು.

ಫಕ್ಕೀರಪ್ಪ ಕಟ್ಟಿಗೆ ತಂದು ಒಟ್ಟತೊಡಗಿದ. ಮುಖದಲ್ಲಿ ಕೇಡಿರಲಿಲ್ಲ. ನಮ್ಮ ಕಡೆ ನೋಡದೆ ಒಟ್ಟುತ್ತಿದ್ದ.

"ಹಸೀ ಕಟಗಿ ಅದಾವು," ಎಂದಳು ಚಿಗವ್ವ. "ಹೊಗಿ ಭಾಳ ಆಕ್ಕೈತಿ." ಹೇಳಿದ ಮೇಲೆ ತಾನು ಏನು ಹೇಳಿದೆ ಎಂಬುದು ಅವಳಿಗೆ ತಿಳಿಯಿತು. ಬಾಯಲ್ಲಿದ್ದ ಎಲೆಯನ್ನು ಅಗಿಯುವುದು ನಿಲ್ಲಿಸಿದಳು. ಅರವತ್ತೆಂಟು ವರ್ಷದ ಆ ಮುಖದಲ್ಲಿ ಮೊದಲ ಸಲ ಹೆದರಿಕೆ ನೋಡಿದೆ.

"ಹುಲಿಗಿ," ಎಂದಳು ಮೆಲ್ಲಗೆ, "ಇವರು ಖರೇನ ಸುಡ್ತಾರೇನು?"

ಏನಾದರೂ ಕೇಳಬೇಕೆಂದು, "ಚಾ ತರ್ಲೇನು?" ಎಂದೆ.

"ತಾ. ಆದ್ರ ಆ ಉಪ್ಪ ಚಾ ಬ್ಯಾಡ. ಹತ್ತ ಹನ್ನೆಲ್ಡ ದಿನ ಆತು, ಕೊಡದ ನೀರು ಬಾಯಾಗ ಇಡಾಕ ಬರವಲ್ದು."

ಚಿಗವ್ವನ ಕಾಲು ಬಾಯುತ್ತವೆಂದು ಔಷಧದ ಅಂಗಡಿಯವನು ಎರಡು ತಿಂಗಳಿಂದ ಉಪ್ಪು ಬಿಡಿಸಿದ್ದ. ಅವಳ ನಾಲಿಗೆಗೆ ಒಂದು ಚಿಟಿಕೆ ಉಪ್ಪೂ ಕುಟುಕುತ್ತಿತ್ತು. ಆದರೆ ನೀರು ಉಪ್ಪಾಗಿದ್ದು ನನಗೂ ಗೊತ್ತಿತ್ತು. ಕರೆಂಟಿನ ಮನೆಯಲ್ಲಿ ಹನ್ನೆರಡು ದಿನದಿಂದ ನಾನೇ ಆ ಚಹಾ ಕುಡಿಯುತ್ತಿದ್ದೆ. ಮನೆಗಳ ಕೊಡಕ್ಕೂ ಬೀದಿಗೂ ಬರುವುದು ಒಂದೇ ನೀರು. ನಾನು ನಿಂತಲ್ಲೇ ನಿಂತೆ.

ನಮ್ಮ ಕೆಲಸ ಹೀಗೆ. ಬೆಳಿಗ್ಗೆ ಐದೂವರೆಗೆ ಕಾಸೀಮಣ್ಣ ತೂಬಿನ ಬಾಯಲ್ಲಿ ಮಂಡಿಯೂರಿ ಒಂದು ಬೊಗಸೆ ನೀರನ್ನು ಬಾಯಿಗೆ ಹಾಕಿಕೊಳ್ಳುತ್ತಾನೆ. ಮುಕ್ಕಳಿಸಿ ಉಗುಳುತ್ತಾನೆ. "ಸಿಹಿ" ಎಂದರೆ ಮೀಟರಿನ ಮುಳ್ಳು ಕೆಂಪು ಗೆರೆಯ ಮೇಲೇ ಇರುತ್ತದೆ. "ಒಂದು ಹಲ್ಲು" ಎಂದರೆ ನೀರಿಗೆ ಉಪ್ಪು ಏರಿದೆ ಎಂದು, ನಾನು ಗುಂಡಿಯನ್ನು ಒಂದು ಹಲ್ಲು ಮುಂದೆ ತಿರುಗಿಸುತ್ತೇನೆ. ಬೇಸಿಗೆಯಲ್ಲಿ ಕೆರೆ ತಳ ಕಂಡಾಗ ಬೋರ್‌ವೆಲ್ಲಿನ ಸವುಳು ನೀರು ಬಿಡುತ್ತಾರೆ, ಆಗ ಎರಡು ಹಲ್ಲು, ಮೂರು ಹಲ್ಲು. ನೀರಿನ ರುಚಿ ನೋಡುವುದು ಹಿರಿಯರ ಕೆಲಸ, ಕಿರಿಯರು ಅದಕ್ಕೆ ಬಾಯಿ ಹಾಕುವಂತಿಲ್ಲ. ಈ ಸಲ ಅಮಾವಾಸ್ಯೆಗೇ ಬೋರ್‌ವೆಲ್ ಶುರುವಾಗಿತ್ತು. ಕಾಸೀಮಣ್ಣ ದಿನಾಲೂ "ಸಿಹಿ" ಎನ್ನುತ್ತಿದ್ದ. ಅವನು ಅಂದಮೇಲೆ ಮುಗಿಯಿತು ಎಂದುಕೊಂಡು ನಾನು ಗುಂಡಿಯನ್ನು ಮುಟ್ಟಿರಲಿಲ್ಲ.

ಮೆಟ್ಟಿಲು ಹತ್ತಿ ಬಂದು ಸ್ಟೌ ಹಚ್ಚಿದೆ. ಚಹಾಕ್ಕೆ ಸಕ್ಕರೆ ಹಾಕಲಿಲ್ಲ. ಕಲ್ಲುಪ್ಪು ಎರಡು ಚಮಚ ಹಾಕಿ ಕದಡಿ ಕಾಸೀಮಣ್ಣನ ಕೈಗೆ ಕೊಟ್ಟೆ. ಅವನು ಕಿಟಕಿಯಿಂದ ಸಾಲು ನೋಡುತ್ತಾ ಕುಡಿದ. ಒಂದು ಗುಟುಕು, ಎರಡು ಗುಟುಕು. ಹುಬ್ಬು ಕೂಡ ಅಲುಗಲಿಲ್ಲ.

"ಸಕ್ರಿ ಸರಿ ಐತೇನು ಕಾಸೀಮಣ್ಣ?"

"ಸರಿ ಐತವಾ."

ಲೋಟ ಖಾಲಿಯಾಗುವ ತನಕ ನೋಡಿದೆ. ಅವನು ಲೋಟ ಕೆಳಗಿಟ್ಟು ನನ್ನ ಮುಖ ನೋಡಿದ, ಲೋಟದ ತಳದಲ್ಲಿ ಕರಗದೆ ಉಳಿದ ಹರಳು ನೋಡಿದ, ಬೆರಳಿನಿಂದ ಒಂದನ್ನು ಎತ್ತಿ ಬೆಳಕಿಗೆ ಹಿಡಿದ.

"ಹೋದ ತಿಂಗಳ ಜ್ವರ ಬಂದಿತ್ತಲ್ಲ," ಎಂದ. "ಅವತ್ತಿಂದ ಹಿಂಗ. ಬಾಯಾಗ ಏನ್ ಇಟ್ರೂ ಮಣ್ಣ ತಿಂದಂಗ."

"ಯಾಕ ಹೇಳ್ಲಿಲ್ಲ?"

"ಇವತ್ತ ಬರ್ತೈತಿ, ನಾಳೆ ಬರ್ತೈತಿ ಅಂದ್ಕೊಂಡೆ. ನಾಲಿಗಿ ಸತ್ತಂವ ಇಲ್ಲಿ ಯಾಕ ಬೇಕು? ಮನಿಗೆ ಕಳಸ್ತಿದ್ರು."

"ಚಿಗವ್ವ ಬಲಕ್ಕ ಹೋಗಿದ್ದು ಅದಕ್ಕ."

"ಅದಕ್ಕ," ಎಂದ. ಅವನಿಗೆ ಬೆಳಿಗ್ಗೆ ಎಂಟೂವರೆಗೇ ಗೊತ್ತಾಗಿತ್ತು. "ಮೈಯ ಉಪ್ಪು ನೀರಿನ ಉಪ್ಪಿಗಿಂತ ಕಮ್ಮಿ ಆತು ಅಂದ್ರ ಬೀದಿ ಬಲಕ್ಕ ಹಾಕ್ತೈತಿ. ಸತ್ತೋರ ಮೈಯಾಗ ಉಪ್ಪು ನಿಲ್ಲಂಗಿಲ್ಲ. ಬೀದಿಗೆ ಅಷ್ಟ ಗೊತ್ತು, ಬ್ಯಾರೆ ಏನೂ ಗೊತ್ತಿಲ್ಲ."

ನಾನು ಎದ್ದು ಗುಂಡಿಗೆ ಕೈ ಹಾಕಿದೆ. ಅವನು ನನ್ನ ಮಣಿಕಟ್ಟು ಹಿಡಿದ. ಮೆತ್ತಗೇ ಹಿಡಿದ, ಆದರೆ ಬಿಡಲಿಲ್ಲ.

"ಹನ್ನೆಲ್ಡ ದಿನದಾಗ ಮೂರು ಹಲಗಿ ಬಿಟ್ಟೀವಿ ಹುಲಿಗಿ."

ಮೂರೂ ಬೂದಿ ಕವಲಿಗೆ ಹೋಗಿದ್ದವು. ಒಬ್ಬ ತೊಂಬತ್ತು ದಾಟಿದ ಮುದುಕ, ಮೈ ಸೆಟೆದು ಎರಡು ಹೊತ್ತಾಗಿತ್ತು. ಇನ್ನೊಬ್ಬ ಗಿರಣಿಯ ಮಾಳಿಗೆಯಿಂದ ಬಿದ್ದವನು, ತಲೆ ಒಡೆದಿತ್ತು. ಅವರಿಬ್ಬರ ಬಗ್ಗೆ ಅನುಮಾನವಿಲ್ಲ. ಮೂರನೆಯವನು ಪರಸಪ್ಪ. ಮೂವತ್ತೆರಡು ವರ್ಷ. ಎರಡು ದಿನ ವಾಂತಿ ಭೇದಿಯಾಗಿ ಮೂರನೆಯ ದಿನ ಕಣ್ಣು ತೆರೆಯಲಿಲ್ಲ.

"ವಾಂತಿ ಭೇದಿ ಆದಂವನ ಮೈಯಾಗ ಉಪ್ಪು ಎಲ್ಲಿ ಉಳೀತೈತಿ," ಎಂದ ಕಾಸೀಮಣ್ಣ.

ಪರಸಪ್ಪನ ಹಲಗೆಯನ್ನು ಅವನ ಹೆಂಡತಿ ಅಂದಾನೆವ್ವ ನೀರಿಗೆ ಬಿಟ್ಟಿದ್ದಳು. ಬಿಡುವಾಗ ಅವನ ಕೈ ಹಲಗೆಯಿಂದ ಜಾರಿ ನೀರಿಗೆ ಬಿತ್ತು. ಅವಳು ಬಗ್ಗಿ ಎತ್ತಿ ಎದೆಯ ಮೇಲೆ ಇಟ್ಟಳು. ಅದು ಮತ್ತೆ ಜಾರಿತು. ನೀರಿನಲ್ಲಿ ಬೆರಳುಗಳು ಆಡುತ್ತಿದ್ದವು. ನಾನು ಇದೇ ಕಿಟಕಿಯಿಂದ ನೋಡಿದ್ದೆ. ನೀರಿನ ಸೆಳೆತ ಎಂದುಕೊಂಡಿದ್ದೆ. ಈಗಲೂ ಅದು ಸೆಳೆತವೇ ಇರಬಹುದು. ಇರಬಹುದು ಎನ್ನುವುದಕ್ಕಿಂತ ಹೆಚ್ಚು ಹೇಳಲು ನನ್ನಿಂದ ಆಗುವುದಿಲ್ಲ.

"ನೀ ಇದನ್ನ ತಿರುಗಿಸಿದಿ ಅಂದ್ರ ತಿಪ್ಪವ್ವ ಊರ ಕಡೆ ಬರ್ತಾಳ," ಎಂದ ಕಾಸೀಮಣ್ಣ. "ಬಂದ್ಲು ಅಂದ್ರ ಬೀದಿ ತಪ್ಪಿತ್ತು ಅಂತ ಊರಿಗೆಲ್ಲ ಗೊತ್ತಾಕ್ಕೈತಿ. ಆಮ್ಯಾಲೆ ಅಂದಾನೆವ್ವಗ ಏನ್ ಹೇಳ್ತಿ?"

"ತಿರುಗಿಸದಿದ್ರ?"

ಅವನು ಕಿಟಕಿಯ ಕಡೆ ನೋಡಿದ. ಹೊರಗೆ ಸಾಲು ಇಳಿಯುತ್ತಿತ್ತು, ಯಾರೋ ನಗುತ್ತಿದ್ದರು.

"ತಿಪ್ಪವ್ವಗ ಅರವತ್ತೆಂಟಾತಲ್ಲ," ಎಂದ.

ಆ ದಿನ ನಾನು ಕೇಳಿದ್ದರಲ್ಲಿ ನನ್ನನ್ನು ಅಲುಗಾಡಿಸಿದ್ದು ಈ ಮಾತು. ಹೇಳಿದವನು ನನಗೆ ಕೆಲಸ ಕಲಿಸಿದವನು, ರಂಜಾನಿಗೆ ಚಿಗವ್ವನಿಗೆಂದು ಡಬ್ಬಿ ತುಂಬ ಸುರಕುಂಬ ಪಾಯಸ ಕಳಿಸುವವನು. ಅವನ ಕಣ್ಣಲ್ಲಿ ನೀರು ತುಂಬಿತ್ತು. ಅಷ್ಟಾದರೂ ಆ ಮಾತನ್ನು ಹೇಳಿದ. ಹೇಳಿದ್ದು ಅವನಿಗೂ ಕೇಳಿಸಿರಬೇಕು. ಮಣಿಕಟ್ಟಿನ ಮೇಲಿನ ಹಿಡಿತ ಸಡಿಲವಾಯಿತು. ನಾನು ಗುಂಡಿಯನ್ನು ಮೂರು ಹಲ್ಲು ತಿರುಗಿಸಿದೆ.

ಮತ್ತೆ ಕೆಳಗೆ ಹೋದಾಗ ಮಧ್ಯಾಹ್ನ ಮೂರಾಗಿತ್ತು. ಕಟ್ಟಿಗೆ ಎದೆಯೆತ್ತರ ಏರಿತ್ತು. ಹೆಂಗಸರು ಅತ್ತು ದಣಿದು ಅವಲಕ್ಕಿ ತಿನ್ನುತ್ತಿದ್ದರು, ಚಿಗವ್ವನಿಗೆ ಯಾರೂ ಕೊಟ್ಟಿರಲಿಲ್ಲ. ಅವಳ ಪಕ್ಕ ಕೂತು ಎಲ್ಲವನ್ನೂ ಹೇಳಿದೆ. ಪರಸಪ್ಪನ ವಿಷಯವನ್ನೂ ಮುಚ್ಚಿಡಲಿಲ್ಲ.

"ಆ ಎತ್ತರದ ಹುಡುಗ?" ಎಂದಳು. "ನಮ್ಮ ಮಾಳಿಗಿ ಸೋರಿದಾಗ ಮಣ್ಣ ಹಾಕಿಕೊಟ್ಟಂವ?"

"ಹೂಂ."

ಅವಳು ಫಕ್ಕೀರಪ್ಪ ಒಟ್ಟಿದ ಕಟ್ಟಿಗೆಯನ್ನು ಬಹಳ ಹೊತ್ತು ನೋಡಿದಳು. ನಾನು ಅವಳು ಏನಾದರೂ ದೊಡ್ಡ ಮಾತು ಹೇಳುತ್ತಾಳೆ ಎಂದು ಹೆದರಿದ್ದೆ.

"ಆಂವ ಬೂದಿ ಆಗ್ಯಾನ," ಎಂದಳು. "ನಾ ಹಸದು ಕುಂತೀನಿ. ನಡಿ."

ಫಕ್ಕೀರಪ್ಪ ಅಡ್ಡ ಬಂದ. ಇನ್ನೊಂದು ಸಲ ಬೀದಿಯಲ್ಲಿ ಇಳಿಯಲಿ, ಬೀದಿಯನ್ನೇ ಕೇಳೋಣ ಎಂದು ನಾನು ಹೇಳಿದೆ. ಅವನಿಗೆ ಒಳಗೊಳಗೇ ಹಗುರವಾದಂತೆ ಕಂಡಿತು. ಆದರೂ ಕೇಳಿದ, "ಎರಡನೇ ಸಲಾನೂ ಈ ಕಡೇನ ಬಂದ್ರ?"

"ಬಂದ್ರ ನಾನ ಹತ್ತಿ ಮಕ್ಕೋತೀನಿ," ಎಂದಳು ಚಿಗವ್ವ. "ಅಷ್ಟರಾಗ ಒಣ ಕಟಗಿ ತರ್ಸಿಡು."

ಮೆಟ್ಟಿಲು ಹತ್ತಲು ಅವಳಿಗೆ ಒಂದು ತಾಸು ಬೇಕಾಯಿತು. ಸುದ್ದಿ ಅವಳಿಗಿಂತ ಬೇಗ ಹತ್ತಿ ಇಳಿದಿತ್ತು. ಗಿರಣಿಯವರು ಕೆಲಸ ಬಿಟ್ಟು ಕವಲಿನಲ್ಲಿ ನೆರೆದಿದ್ದರು. ಬೀದಿಯ ತಲೆಯಲ್ಲಿ ಚಿಗವ್ವ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ ನೀರಿಗೆ ಕಾಲಿಟ್ಟಳು. ಅವಳ ಹಿಂದೆ ನಾನು ಇಳಿದೆ. ಕರೆಂಟಿನ ಮನೆಯಲ್ಲಿ ಈಗ ಕಾಸೀಮಣ್ಣ ಒಬ್ಬನೇ ಇದ್ದ. ಇದು ನನಗೆ ಹೊಳೆದದ್ದು ನೀರಿಗೆ ಇಳಿದ ಮೇಲೆ. ತಿರುಗಿ ನೋಡಲು ಆಗುವುದಿಲ್ಲ, ಹಿಂದಕ್ಕೆ ಹೋಗಲು ಆಗುವುದಿಲ್ಲ. ಅವನು ಗುಂಡಿಯನ್ನು ಮೂರು ಹಲ್ಲು ಹಿಂದಕ್ಕೆ ತಂದರೆ ನನ್ನ ಮುಂದೆಯೇ ಅವಳು ಬಲಕ್ಕೆ ಸರಿಯುತ್ತಾಳೆ. ನನ್ನ ಮೈಯಲ್ಲಿ ಬೇಕಾದಷ್ಟು ಉಪ್ಪಿದೆ, ನಾನು ಊರಿಗೆ ಹೋಗುತ್ತೇನೆ. ಆಮೇಲೆ ಯಾರೂ ಯಾರ ಮಾತನ್ನೂ ಕೇಳುವುದಿಲ್ಲ.

ನಾನು ಅವಳ ಹಿಮ್ಮಡಿಗಳನ್ನೇ ನೋಡುತ್ತಾ ಇಳಿದೆ. ಒಡೆದ ಹಿಮ್ಮಡಿಗಳು. ಹಿಮ್ಮಡಿಯ ಪಕ್ಕದಲ್ಲಿ ನೀರು ಎರಡು ಪಾಲಾಗಿ ಸರಿಯುತ್ತಿತ್ತು. ಕವಲಿಗೆ ಹತ್ತು ಹೆಜ್ಜೆ ಇದ್ದಾಗ ಅವಳು ಕೈಚೀಲವನ್ನು ಎದೆಗೆ ಒತ್ತಿಕೊಂಡಳು. ಐದು ಹೆಜ್ಜೆ. ಅವಳ ಎಡ ಭುಜ ಸ್ವಲ್ಪ ವಾಲಿತು, ಯಾರೋ ಕೈ ಹಿಡಿದು ಕರೆದಂತೆ ಅವಳು ಎಡಕ್ಕೆ ತಿರುಗಿ ಊರ ಕವಲಿಗೆ ಇಳಿದಳು.

ಚಿಗವ್ವ ಎಲೆಯನ್ನು ಉಗುಳಿ ಬಾಯಿ ಒರೆಸಿಕೊಂಡು, "ನನ್ನ ಕಾರ್ಡು ಯಾರ ಕಡೆ ಐತಿ?" ಎಂದಳು. ಹಿಂದೆ ಯಾರೋ ಒಬ್ಬರು ನಕ್ಕರು. ಆ ನಗು ಅರ್ಧಕ್ಕೆ ನಿಂತಿತು. ಯಾಕೆಂದರೆ ನಾನು ಮಾತಾಡಲು ಶುರು ಮಾಡಿದ್ದೆ. ನೀರು ಹನ್ನೆರಡು ದಿನದಿಂದ ಉಪ್ಪಾಗಿತ್ತು, ಕರೆಂಟಿನ ಮನೆಯವರು ನೋಡಲಿಲ್ಲ, ಬೀದಿ ಹನ್ನೆರಡು ದಿನ ತಪ್ಪಿತ್ತು ಎಂದೆ. ಮೈಯ ಉಪ್ಪು ಕಡಿಮೆಯಾದವರನ್ನು ಅದು ಬಲಕ್ಕೆ ಹಾಕಿತು ಎಂದೆ. ಕಾಸೀಮಣ್ಣನ ಹೆಸರು ಹೇಳಲಿಲ್ಲ, ಕರೆಂಟಿನ ಮನೆಯವರು ಎಂದೆ, ಅದರಲ್ಲಿ ನಾನೂ ಇದ್ದೆ.

ಜನ ಮನಸ್ಸಿನಲ್ಲೇ ದಿನ ಎಣಿಸುವುದು ಮುಖಗಳ ಮೇಲೆ ಕಾಣಿಸಿತು. ಒಬ್ಬೊಬ್ಬರಾಗಿ ಎಲ್ಲರೂ ಅಂದಾನೆವ್ವನ ಕಡೆ ತಿರುಗಿದರು. ಅವಳು ಗಿರಣಿಯಿಂದ ಹಾಗೇ ಬಂದಿದ್ದಳು, ತಲೆಗೂದಲಲ್ಲಿ ಹತ್ತಿಯ ಎಳೆಗಳಿದ್ದವು. ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆಯಲಿ ಎಂದು ನಿಂತೆ. ಅವಳು ಹತ್ತಿರ ಬಂದು ಸಹಜ ದನಿಯಲ್ಲಿ ಕೇಳಿದಳು.

"ಹುಲಿಗೆವ್ವಾ, ನೀ ಬ್ಯಾರೆ ಊರಾಗ ಓದೀಯಲ್ಲ. ಇಂಥಾ ಬೀದಿ ಇಲ್ಲದ ಊರಾಗ ಹೆಂಗ ನೋಡ್ತಾರ?"

"ಕೈ ಹಿಡದು ನೋಡ್ತಾರ," ಎಂದೆ. "ಇಲ್ಲಿ, ಹೆಬ್ಬೆಟ್ಟಿನ ಬುಡಕ್ಕ. ಜೀವ ಇದ್ರ ಬಡೀತಿರ್ತೈತಿ."

ಅಂದಾನೆವ್ವ ಕೇಳದೆ ಚಿಗವ್ವನ ಕೈ ತೆಗೆದುಕೊಂಡಳು. ನಾನು ಅವಳ ಬೆರಳುಗಳನ್ನು ಸರಿಯಾದ ಜಾಗಕ್ಕೆ ಸರಿಸಿದೆ. ಚಿಗವ್ವ ಕೈ ಎಳೆದುಕೊಳ್ಳಲಿಲ್ಲ.

"ಬಡ್ಯಾಕತ್ತೈತಿ," ಎಂದಳು ಅಂದಾನೆವ್ವ. ಸ್ವಲ್ಪ ಹೊತ್ತಿನ ಮೇಲೆ, "ಎಷ್ಟೊತ್ತು ಹಿಡದು ನೋಡಬೇಕು?"

"ಒಂದು ನಿಮಿಷ ಸಾಕು."

ಅವಳು ಕೈ ಬಿಡಲಿಲ್ಲ. ನಿಮಿಷ ಯಾವಾಗಲೋ ಮುಗಿದಿತ್ತು.

"ಒಂದು ನಿಮಿಷ," ಎಂದಳು. "ಹಲಗಿ ಬರೂತನ ಆಂವ ನನ್ನ ತೊಡಿ ಮ್ಯಾಲೇ ಇದ್ದ. ಇಡೀ ಮುಂಜಾನಿ ಇದ್ದ."